ಸೊಪ್ಪು ತಗೊಳ್ವಾಗ ಸಿಕ್ಕ ಅಕ್ಕಂಗೆ

ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ಸೊಪ್ಪು ಆರಿಸ್ತಾ ಪಕ್ಕದಲ್ಲಿ ನಿಂತಿದ್ದ ಅಕ್ಕ, ನಿಮಗೆ ತುಂಬಾ ಥ್ಯಾಂಕ್ಸ್. ಡ್ಯೂಟಿ ಮುಗಿಸಿ ಬಂದು ಅಡಿಗೆ ಮಾಡೋಕೆ ಟೈಮೇ ಸಿಗಲ್ಲ ಅಂದಿದ್ದಕ್ಕೆ ನಿಂತಲ್ಲೇ ವಾರದ ಲೆಕ್ಕ ಹೇಳ್ಕೊಟ್ರಿ. ಶನಿವಾರ ರಾತ್ರಿ ಹುರುಳಿಕಾಳು ನೆನೆಹಾಕು, ಬೆಳಿಗ್ಗೆ ನೀರು ಬಸಿದು ಬಟ್ಟೇಲಿ ಕಟ್ಟಿಡು, ಮೊಳಕೆ ಬಂದ್ಮೇಲೆ ಸೊಪ್ಪಿನ ಜೊತೆ ಬೇಯಿಸಿ ಬಸಿ, ಕಟ್ಟಲ್ಲಿ ಬಸ್ಸಾರು, ಉಳಿದಿದ್ದಕ್ಕೆ ಒಗ್ಗರಣೆ ಕೊಟ್ರೆ ಪಲ್ಯ, ಸಾರು ಮಾರನೇ ದಿನ ಕುದಿಸಿದ್ರೆ ಇನ್ನೂ ರುಚಿ ಅಂತ. ಖಾರ ರುಬ್ಬುವಾಗ ಒಂದು ಹಿಡಿ ಬೆಂದ ಕಾಳು ಹಾಕು, ಕಾಯಿ ಸ್ವಲ್ಪ ಸಾಕು ಅಂದ್ರಲ್ಲ, ನಿಜ ಅಕ್ಕ, ಸಾರು ಮಂದವಾಗೇ ಬರುತ್ತೆ, ಕಾಯಿ ರೇಟ್ ಏರಿರೋವಾಗ ಅದೇ ಎಷ್ಟೋ ಉಳಿತಾಯ. ಈಗ ಹೋಟೆಲ್ ಪಾರ್ಸಲ್ ತರೋದು ನಿಂತಿದೆ, ಮನೇಲಿ ಬಿಸಿ ಮುದ್ದೆ ಆಗ್ತಿದೆ. ಮತ್ತೆ ಸಿಕ್ರೆ ಖಂಡಿತ ಊಟಕ್ಕೆ ಬರ್ಬೇಕು ನೀವು.