ಉಪಗ್ರಹಕ್ಕೆ ಕಂಡಿದ್ದು ಇಲಾಖೆಗೆ ಕಾಣುವುದಿಲ್ಲವೇ?

ಮಾನ್ಯ ಸಂಪಾದಕರೇ,

ಅಭಯಾರಣ್ಯದ ಅಂಚಿನಲ್ಲಿ ಕಾಡು ಕಡಿಮೆಯಾಗಿದ್ದನ್ನು ಉಪಗ್ರಹ ಚಿತ್ರದಿಂದ ಪತ್ತೆ ಮಾಡಿದ ವರದಿ ಮಂಗಳವಾರ ನಿಮ್ಮ ಜಿಲ್ಲಾ ಪುಟದಲ್ಲಿ ಬಂದಿದೆ. ಊರು, ಹೋಬಳಿ ಎಲ್ಲ ಅದರಲ್ಲೇ ಇದೆ, ಮತ್ತೆ ಹೇಳುವುದಿಲ್ಲ. ಆ ಚಿತ್ರದಲ್ಲಿ ಕೆಂಪು ಗುರುತು ಹಾಕಿದ ಜಾಗಗಳಿವೆಯಲ್ಲ, ಅದರಲ್ಲಿ ಒಂದು ನನ್ನ ಅಡಿಕೆ ತೋಟ. ಅಜ್ಜ ನೆಟ್ಟಿದ್ದು, ಅಪ್ಪ ಬೆಳೆಸಿದ್ದು. ಪಹಣಿ ನನ್ನ ಹೆಸರಿನಲ್ಲಿದೆ, ಕಂದಾಯ ಕಟ್ಟಿದ ರಸೀದಿ ಇದೆ. ಈಗ ನೋಡಿದರೆ ಕಾಡು ನಾಶ ಮಾಡಿದವನು ನಾನಂತೆ!

ಅಡಿಕೆ ಗೊನೆ ಕೊಯ್ಲಿನ ಹೊತ್ತು. ಈಗಿನ ಕಾಲದಲ್ಲಿ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಸಿಗುವುದು ಎಷ್ಟು ಕಷ್ಟ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಹಬ್ಬದಿಂದ ಕಾಡಿ ಬೇಡಿ ಕರೆಸಿದ್ದೆ. ಅವನು ಮರ ಹತ್ತಿದ್ದಾನೆ, ಕೆಳಗೆ ಹಗ್ಗ ಹಿಡಿದವರಿದ್ದಾರೆ, ಆಗ ಅರಣ್ಯ ಇಲಾಖೆಯ ಜೀಪು ಬಂತು. ಎಲ್ಲರನ್ನೂ ಕೆಲಸ ನಿಲ್ಲಿಸಲು ಹೇಳಿದರು. ಕೈಯಲ್ಲಿ ಒಂದು ಬಣ್ಣದ ಪ್ರಿಂಟ್. ‘ಇಲ್ಲಿ ಮರ ಕಡಿದಿದ್ದೀರಿ’ ಅಂದರು. ಕಡಿದಿದ್ದು ಹೌದು. ಎಲೆಚುಕ್ಕಿ ರೋಗ ಬಂದು ಹೆಡೆ (ಗರಿ) ಎಲ್ಲ ಒಣಗಿ ನಿಂತಿದ್ದ ಅಡಿಕೆ ಮರ. ಕಡಿಯದೆ ಪೂಜೆ ಮಾಡಬೇಕಿತ್ತೇ? ಪಕ್ಕದ ಸೊಪ್ಪಿನ ಬೆಟ್ಟಕ್ಕೂ ಕೆಂಪು ಗುರುತು. ಬೆಟ್ಟದಲ್ಲಿ ಸೊಪ್ಪು ಕಡಿದು ತೋಟಕ್ಕೆ ಹಾಕುವುದು ನಮ್ಮ ಕಡೆ ಯಾವಾಗಿನಿಂದ ಇದೆ ಅಂತ ಅವರದೇ ಹಳೆಯ ಕಡತದಲ್ಲಿ ನೋಡಿಕೊಳ್ಳಲಿ. ಸೊಪ್ಪು ಕಡಿದ ಮರ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಇದನ್ನೆಲ್ಲ ಹೇಳಿದೆ. ‘ನಮಗೇನೂ ಗೊತ್ತಿಲ್ಲ ಮಾರಾಯ್ರೇ, ಆಫೀಸಿಗೆ ಬಂದು ಹೇಳಿ’ ಅಂದು ಜೀಪು ಹತ್ತಿದರು. ಕೊನೆಗೌಡ ಅಂದು ಮುನಿಸಿಕೊಂಡು ಹೋದವನು ಇನ್ನೂ ಬಂದಿಲ್ಲ. ಅಡಿಕೆ ಹಣ್ಣಾಗಿ ಉದುರುತ್ತಿದೆ.

ಆಫೀಸಿಗೂ ಹೋದೆ. ಬೆಳಗಿನ ಬಸ್ಸು ತಪ್ಪಿದರೆ ಮಧ್ಯಾಹ್ನದವರೆಗೆ ಇನ್ನೊಂದಿಲ್ಲ. ಸಾಹೇಬರು ಮೀಟಿಂಗ್‌ನಲ್ಲಿದ್ದರು. ಮತ್ತೊಮ್ಮೆ ಹೋದಾಗ ಸಾಹೇಬರಿದ್ದರು, ಸರ್ವರ್ ಇರಲಿಲ್ಲ. ಪಹಣಿ, ಮ್ಯುಟೇಶನ್, ಸರ್ವೆ ಸ್ಕೆಚ್ ಎಲ್ಲದರ ಜೆರಾಕ್ಸ್ ಕೊಡಿ ಅಂದರು. ಆಕಾಶದಿಂದ ನನ್ನ ತೋಟದ ಒಣ ಹೆಡೆ ಎಣಿಸುವ ಸರ್ಕಾರಕ್ಕೆ ತನ್ನದೇ ಭೂಮಿ ದಾಖಲೆ ನೋಡಲು ನನ್ನ ಜೆರಾಕ್ಸ್ ಬೇಕು! ಕರೆಂಟ್ ಇಲ್ಲದೆ ಪೇಟೆಯ ಜೆರಾಕ್ಸ್ ಅಂಗಡಿಯೂ ಬಂದ್ ಆಗಿತ್ತು ಅನ್ನುವುದು ಬೇರೆ ಮಾತು.

ಉಪಗ್ರಹವೇ ಬೇಡ ಅನ್ನುವವನಲ್ಲ ನಾನು. ತಂಗಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ರಜೆಗೆ ಬಂದಾಗ ‘ನೋಡು ಮಾವ’ ಅಂತ ಮೊಬೈಲಿನಲ್ಲೇ ಎಲ್ಲ ತೋರಿಸಿದ. ಗ್ಲೋಬಲ್ ಫಾರೆಸ್ಟ್ ವಾಚ್ ಅಂತ ಒಂದು ನಕ್ಷೆ ಇದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ಹೋಲಿಸಿ, 2001ರಿಂದ ಯಾವ ವರ್ಷ ಎಲ್ಲಿ ಮರ ಹೋಯಿತು ಅಂತ ಅದರಲ್ಲಿ ಹಾಕಿದ್ದಾರೆ. ದುಡ್ಡು ಕೊಡಬೇಕಿಲ್ಲ, ಪರ್ಮಿಷನ್ ಬೇಕಿಲ್ಲ. ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಚೌಕ. ನಮ್ಮ ಲೆಕ್ಕದಲ್ಲಿ ಸುಮಾರು 9 ಗುಂಟೆ. ಯುರೋಪಿನವರ ಸೆಂಟಿನೆಲ್-2 ಉಪಗ್ರಹಕ್ಕೆ 10 ಮೀಟರ್ ಚೌಕ ಕಾಣುತ್ತದೆ, ಅಂದರೆ ಹೆಚ್ಚು ಕಡಿಮೆ ಒಂದು ಗುಂಟೆ. ಅಂಥ ಚಿತ್ರ 5 ದಿನಕ್ಕೊಮ್ಮೆ ಸಿಗುತ್ತದಂತೆ. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತದೆ ಅಂದರೆ ಮೋಡ ದಾಟಿ ನೋಡುವ ರೇಡಾರ್ ಉಪಗ್ರಹವೂ ಇದೆ.

ಹಾಗೆ ನೋಡುತ್ತಿದ್ದಾಗಲೇ ಕಂಡಿದ್ದು ಆ ರಸ್ತೆ. ಗೇಟಿನಿಂದ ಒಳಗೆ, ಅಭಯಾರಣ್ಯದ ಗುಡ್ಡದ ನೆತ್ತಿಯವರೆಗೆ ಕೆಂಪು ಮಣ್ಣಿನ ಗೆರೆ. ತುದಿಯಲ್ಲಿ ಮರ ಸವರಿದ ಬಯಲು. ಅಲ್ಲಿ ಏನು ತಲೆ ಎತ್ತುತ್ತಿದೆ, ಶನಿವಾರ ಭಾನುವಾರ ಯಾರ ಕಾರು ಹೋಗುತ್ತವೆ ಅಂತ ಊರಿಗೆಲ್ಲ ಗೊತ್ತು. ಬೆಂಗಳೂರಿನ ಹುಡುಗನ ಮೊಬೈಲಿಗೆ ಕಂಡ ರಸ್ತೆ ಇಲಾಖೆಯ ಪ್ರಿಂಟಿನಲ್ಲಿ ಇಲ್ಲ. ಬಹುಶಃ ಅವರ ಪ್ರಿಂಟರಿನಲ್ಲಿ ಶಾಯಿ ಖಾಲಿಯಾಗಿರಬೇಕು.

ಇನ್ನು ಲೆಕ್ಕದ ವಿಚಾರ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣೆಯವರು 1987ರಿಂದ ಉಪಗ್ರಹ ಚಿತ್ರ ನೋಡಿ ದೇಶದ ಅರಣ್ಯ ಹೊದಿಕೆಯ ವರದಿ ತರುತ್ತಿದ್ದಾರೆ. ಅವರ ನಿಯಮ ಏನು ಗೊತ್ತೇ? ಒಂದು ಹೆಕ್ಟೇರ್‌ಗಿಂತ ದೊಡ್ಡ ಜಾಗದಲ್ಲಿ ಶೇ 10ಕ್ಕಿಂತ ಜಾಸ್ತಿ ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ. ಮಾಲೀಕರು ಯಾರು, ಮರ ಯಾವುದು ಅಂತ ಕೇಳುವುದಿಲ್ಲ. ನನ್ನದು ಮೂರು ಎಕರೆ. ಅಂದರೆ ನನಗೆ ತಿಳಿಯದೆಯೇ ನಾನು ಇಷ್ಟು ವರ್ಷ ದೇಶದ ಕಾಡು ಬೆಳೆಸುತ್ತಿದ್ದೆ! ಅದಕ್ಕೆ ಯಾರೂ ಶಾಲು ಹೊದಿಸಲಿಲ್ಲ. ಕಾಡು ಹೆಚ್ಚಾಗಿದೆ ಅಂತ ಹೇಳುವಾಗ ನಮ್ಮ ಕಾಫಿ, ಅಡಿಕೆ, ರಬ್ಬರ್ ಎಲ್ಲ ಅವರ ಕಾಡು. ರೋಗ ಬಂದು ನೆರಳು ಕಡಿಮೆಯಾದ ದಿನ ಅದು ನಮ್ಮ ಅಪರಾಧ.

2024ರ ಡಿಸೆಂಬರಿನಲ್ಲಿ ಬಂದ ವರದಿಯಲ್ಲಿ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಅರಣ್ಯ ಹೊದಿಕೆ 10 ವರ್ಷದಲ್ಲಿ 58.22 ಚದರ ಕಿಲೋಮೀಟರ್ ಕಡಿಮೆಯಾಗಿದೆ ಅಂತಿದೆ. ಅದಕ್ಕೆ ಬಳಸಿದ ಚಿತ್ರಗಳೇ ಸುಮಾರು 2021ರ ಕೊನೆಯವು. ಇರಲಿ. ಈ 58ರಲ್ಲಿ ನಿಜವಾದ ಕಾಡು ಎಷ್ಟು, ರೋಗ ಬಂದ ತೋಟ ಎಷ್ಟು, ಕಟಾವಾದ ಅಕೇಶಿಯಾ ಎಷ್ಟು? ಇನ್ನೊಂದು ಕಡೆ, ಕಾಡಿನೊಳಗೆ ಲಂಟಾನ ಕಳೆ ತುಂಬಿಕೊಂಡು ಹುಲ್ಲೂ ಬೆಳೆಯದಿದ್ದರೂ ಮೇಲಿನಿಂದ ಹಸಿರೇ ಕಾಣುತ್ತದೆ. ಡೆಹ್ರಾಡೂನ್‌ನವರು ಅಲ್ಲಲ್ಲಿ ಸ್ಥಳಕ್ಕೆ ಹೋಗಿ ತಾಳೆ ನೋಡುತ್ತಾರಂತೆ. ನಮ್ಮ ಕಡೆಯ ಸಾಹೇಬರಿಗೆ ರಸ್ತೆ ಬದಿಯಿಂದ ಫರ್ಲಾಂಗ್ ದೂರದ ತೋಟಕ್ಕೆ ಇಳಿಯಲು ಇಂಬಳದ (ಜಿಗಣೆಯ) ಭಯ.

ಪಶ್ಚಿಮ ಘಟ್ಟ ಉಳಿಸಲು ಕೇಂದ್ರ ಸರ್ಕಾರ ಮಾಡಿದ್ದ ಕಸ್ತೂರಿರಂಗನ್ ಸಮಿತಿಯ ವರದಿಯ ಕಾಲದಲ್ಲೂ ಇದೇ ಆಗಿದ್ದು. 2013ರಲ್ಲಿ ಉಪಗ್ರಹ ಚಿತ್ರ ನೋಡಿ ಘಟ್ಟದ ಶೇ 37ರಷ್ಟು ಜಾಗವನ್ನು ಸೂಕ್ಷ್ಮ ಪ್ರದೇಶ ಅಂದರು. ನಮ್ಮ ರಾಜ್ಯದ್ದೇ 20,668 ಚದರ ಕಿಲೋಮೀಟರ್. ತೋಟವನ್ನೂ ಕಾಡು ಅಂತ ಸೇರಿಸಿದ್ದಾರೆ, ಊರಿಗೆ ಬಂದು ನೋಡಿ ಅಂತ ಜನ ಕೂಗಿಕೊಂಡರು. ಯಾರು ಬಂದರು? ಬಂದವರು ವೋಟು ಕೇಳುವವರು. 2024ರ ಜುಲೈನಲ್ಲಿ ಸೂಕ್ಷ್ಮ ಪ್ರದೇಶ ಘೋಷಿಸುವ ಕೇಂದ್ರದ ಅಧಿಸೂಚನೆಯ ಆರನೇ ಕರಡು ಬಂತು, ರಾಜ್ಯದ ಸಚಿವ ಸಂಪುಟ ಅದನ್ನು ಬೇಡ ಅಂದಿತು. ಕಾಡೂ ಉಳಿಯಲಿಲ್ಲ, ನಮ್ಮ ಗೊಂದಲವೂ ಮುಗಿಯಲಿಲ್ಲ.

ಬಂಡೀಪುರ ನೆನಪಿದೆಯೇ? 2019ರ ಫೆಬ್ರುವರಿ. ಉಪಗ್ರಹ ಬೆಂಕಿ ಕಂಡ ಕೂಡಲೇ ಮೊಬೈಲಿಗೆ ಮೆಸೇಜು ಬರುವ ವ್ಯವಸ್ಥೆ ಆಗಲೂ ಇತ್ತು. ಆದರೂ 4,000 ಹೆಕ್ಟೇರ್‌ಗೂ ಜಾಸ್ತಿ ಸುಟ್ಟಿತು, ಕೊನೆಗೆ ಹೆಲಿಕಾಪ್ಟರ್ ತರಿಸಬೇಕಾಯಿತು. ನೆಲದ ಮೇಲೆ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿದವರು ಕಾಡು ಕಾಯುವ ವಾಚರ್‌ಗಳು. ನಮ್ಮ ಕಡೆ ಅಂಥ ವಾಚರ್‌ಗಳಿಗೆ ತಿಂಗಳ ಸಂಬಳ ತಿಂಗಳಿಗೆ ಸಿಗುವುದಿಲ್ಲ. ಹಾಗೇ ಮಂಗ, ಹಂದಿ, ಕಾಡುಕೋಣ ತಿಂದ ಬೆಳೆಗೆ ನಾನು ಹಾಕಿದ ಅರ್ಜಿ ಏನಾಯಿತು? ಅದು ಯಾವ ಉಪಗ್ರಹಕ್ಕೂ ಸಿಗದ ಜಾಗದಲ್ಲಿ ಕೂತಿದೆ. ಊರಿನ ರಸ್ತೆಯ ಗುಂಡಿಗೆ ಒಂದು ಬುಟ್ಟಿ ಜಲ್ಲಿ ಹಾಕಲು ಹೋದರೆ ‘ಇದು ಅಭಯಾರಣ್ಯ’ ಅಂತ ತಡೆಯುತ್ತಾರೆ. ಗುಡ್ಡದ ನೆತ್ತಿಗೆ ಜೆಸಿಬಿ ಹೋಗುವಾಗ ಗೇಟು ತಾನಾಗಿ ತೆರೆಯಿತೇ?

ಬ್ರೆಜಿಲ್‌ನವರು 2004ರಿಂದ ಅಮೆಜಾನ್ ಕಾಡಿನಲ್ಲಿ ಮರ ಕಡಿದ ಸುಳಿವು ಉಪಗ್ರಹಕ್ಕೆ ಸಿಕ್ಕ ಕೂಡಲೇ ಸ್ಥಳಕ್ಕೆ ಸಿಬ್ಬಂದಿ ಕಳಿಸಿ ದಂಡ ಹಾಕಿದರು. ಆ ವರ್ಷ 27,000 ಚದರ ಕಿಲೋಮೀಟರ್ ದಾಟಿದ್ದ ನಾಶ 2012ರ ಹೊತ್ತಿಗೆ 5,000ಕ್ಕಿಂತ ಕೆಳಗೆ ಬಂತು. ಮುಂದೆ 2019ರಲ್ಲಿ ಅಲ್ಲಿನ ಅಧ್ಯಕ್ಷರಿಗೆ ಲೆಕ್ಕ ಹಿಡಿಸಲಿಲ್ಲ, ಲೆಕ್ಕ ಕೊಟ್ಟ ಸಂಸ್ಥೆಯ ಮುಖ್ಯಸ್ಥರನ್ನೇ ತೆಗೆದರು. ನಮ್ಮಲ್ಲಿ ಅಷ್ಟೆಲ್ಲ ತಾಪತ್ರಯವಿಲ್ಲ. ಲೆಕ್ಕ ಯಾರೂ ಓದುವುದೇ ಇಲ್ಲ.

ಆದ್ದರಿಂದ ನನ್ನ ತೋಟದ ಮೇಲಿನ ಕೆಂಪು ಗುರುತು ತೆಗೆಯಬೇಕು. ಇಲ್ಲವೇ ಆ ರಸ್ತೆಗೂ ಕೆಂಪು ಗುರುತು ಹಾಕಬೇಕು. ಎರಡೂ ಮಾಡಿದರೆ ಒಳ್ಳೆಯದೇ. ಚಿತ್ರಗಳನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ, ಎಲ್ಲರೂ ನೋಡಲಿ. ಬೇಲಿ ಹಾರಿ ಸೌದೆ ತಂದ ಹೆಂಗಸರನ್ನು ಹಿಡಿಯುವ ಉತ್ಸಾಹದಲ್ಲಿ ಅರ್ಧವಾದರೂ ಗುಡ್ಡ ಹತ್ತುವುದಕ್ಕೆ ಇರಲಿ. ಸಂಬಂಧಪಟ್ಟವರು ಗಮನಿಸಬೇಕು ಅಂತ ಬರೆಯುವುದು ರೂಢಿ. ಇವರಿಗೆ ಯಾವುದೂ ಸಂಬಂಧಪಟ್ಟದ್ದಲ್ಲ ಅಂತ ಗೊತ್ತಿದ್ದೂ ಸುಮ್ನೆ ಬರೆಯುತ್ತಿದ್ದೇನೆ. ಜೆರಾಕ್ಸ್ ಮಾತ್ರ ಇನ್ನು ಒಂದು ಹಾಳೆಯೂ ಕೊಡುವುದಿಲ್ಲ. ಬೇಕಿದ್ದರೆ ಅದನ್ನೂ ಮೇಲಿನಿಂದಲೇ ತೆಗೆದುಕೊಳ್ಳಲಿ.

– ಅಡಿಕೆ ಬೆಳೆಗಾರ, ಮಲೆನಾಡು
(ಹೆಸರು, ವಿಳಾಸವನ್ನು ಪತ್ರಿಕೆಗೆ ತಿಳಿಸಿದ್ದೇನೆ, ದಯವಿಟ್ಟು ಅಚ್ಚು ಹಾಕಬೇಡಿ)