ರದ್ದು ಮಾಡಿದ ಪ್ಲಾನಿಗೆ ಮೂರು ಸಲ ಹಣ, ಅಮ್ಮನ ಹಾಡಿನ ಪಟ್ಟಿಗೆ ಬೀಗ

ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ
ಸೆಪ್ಟೆಂಬರ್ 2, 2025

ಕುಂದುಕೊರತೆ ಅಧಿಕಾರಿಗಳಿಗೆ,

ನಮಸ್ಕಾರ. ಐದು ಸಲ ಫೋನ್ ಮಾಡಿದ್ದೇನೆ, ಎರಡು ಮೇಲ್ ಕಳಿಸಿದ್ದೇನೆ. ಒಂದಕ್ಕೂ ಸರಿಯಾದ ಉತ್ತರ ಬಂದಿಲ್ಲ. ಅದಕ್ಕೇ ಈ ಪತ್ರ.

2024ರಲ್ಲಿ ವಿಂಕ್ ಅನ್ನುವ ಹಾಡಿನ ಆ್ಯಪ್ ನಿಂತ ಮೇಲೆ ನಾನು ನಿಮ್ಮ ಹಾಡಿನ ಆ್ಯಪಿಗೆ ಬಂದವನು. ತಿಂಗಳಿಗೆ 129 ರೂಪಾಯಿ, ಯುಪಿಐ ಆಟೋಪೇ, ಅಂದರೆ ಹಣ ತಾನಾಗಿಯೇ ಕಡಿತವಾಗುವ ವ್ಯವಸ್ಥೆ. ನಮ್ಮ ಕಡೆ ಹಾಡು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳದಿದ್ದರೆ ಆಗುವುದಿಲ್ಲ. ಹುಲಿಕಲ್ ಘಾಟಿ ಬದಿಯ ಮಳೆ ಹಿಡಿಯಿತು ಅಂದ್ರೆ ಮೂರು ದಿನ ಕರೆಂಟ್ ಇರುವುದಿಲ್ಲ, ಟವರ್ ಕೂಡ ಸತ್ತಿರುತ್ತದೆ. 30 ದಿನಕ್ಕೊಮ್ಮೆ ಆ್ಯಪಿಗೆ ಇಂಟರ್ನೆಟ್ ತೋರಿಸಬೇಕು ಅನ್ನುವ ನಿಮ್ಮ ನಿಯಮವನ್ನೂ ಪಾಲಿಸಿದ್ದೇನೆ. ತಿಂಗಳಿಗೊಮ್ಮೆ ಮನೆ ಹಿಂದಿನ ದಿಬ್ಬ ಹತ್ತಿ ಫೋನ್ ಹಿಡಿದು ನಿಲ್ಲುತ್ತಿದ್ದೆ.

ನಾನು ಹೀಗೆ ಇಟ್ಟುಕೊಂಡಿದ್ದ ಹಾಡಿನ ಪಟ್ಟಿ ನನ್ನದಲ್ಲ, ಅಮ್ಮನದು. ಬಚ್ಚಲಮನೆಯಲ್ಲಿ ಜಾರಿ ಬಿದ್ದ ಮೇಲೆ ಅವರು ಹಾಸಿಗೆಯಲ್ಲೇ ಇದ್ದಾರೆ. ಚಿಕ್ಕಂದಿನಿಂದ ಭದ್ರಾವತಿ ಆಕಾಶವಾಣಿಯಲ್ಲಿ ಕೇಳಿದ ಭಾವಗೀತೆಗಳನ್ನು ಒಂದೊಂದೇ ನೆನಪು ಮಾಡಿಕೊಂಡು ಹೇಳಿದರು, ನಾನು ಹುಡುಕಿ ಸೇರಿಸಿದೆ. ಎಷ್ಟೋ ಹಾಡುಗಳ ಮೊದಲ ಸಾಲು ಅವರಿಗೆ ನೆನಪಿರಲಿಲ್ಲ. ಮಧ್ಯದ ಸಾಲು ಗುನುಗುತ್ತಿದ್ದರು, ಅದರಿಂದ ಪತ್ತೆ ಮಾಡಬೇಕಿತ್ತು. ತಿಂಗಳುಗಟ್ಟಲೆ ಕೂತು ಮಾಡಿದ ಪಟ್ಟಿ ಅದು. ಒಟ್ಟು 214 ಹಾಡು.

ಈ ಏಪ್ರಿಲ್‌ನಲ್ಲಿ ಅದರಲ್ಲಿ 31 ಹಾಡು ಬೂದು ಬಣ್ಣಕ್ಕೆ ತಿರುಗಿದವು. ಒತ್ತಿದರೆ ಹಾಡುವುದಿಲ್ಲ. ಕ್ಯಾಸೆಟ್ ಕಂಪನಿ ಜೊತೆಗಿನ ನಿಮ್ಮ ಒಪ್ಪಂದ ಮುಗಿದಿರಬಹುದು. ಅದಕ್ಕೆ ನನ್ನ ಜಗಳವಿಲ್ಲ. ಅವೇ ಹಾಡುಗಳು ಇನ್ನೊಂದು ಆ್ಯಪ್‌ನಲ್ಲಿ ಇದ್ದವು. ಹಾಗಾಗಿ ಅಲ್ಲಿಗೆ ಹೋಗೋಣ ಅಂತ ಮೇ 12ರಂದು ನಿಮ್ಮ ಪ್ಲಾನ್ ರದ್ದು ಮಾಡಿದೆ. ಮೇ 20ಕ್ಕೆ ಮುಗಿಯುತ್ತದೆ ಅಂತ ನಿಮ್ಮದೇ ಮೇಲ್ ಬಂತು. ಆಮೇಲೆ ಮೇ 20, ಜೂನ್ 20, ಜುಲೈ 20, ಮೂರು ಸಲ ಹಣ ಕಡಿತವಾಯಿತು. 387 ರೂಪಾಯಿ.

ಜುಲೈ 26ರ ಫೋನ್ ಬಗ್ಗೆ ಪೂರ್ತಿ ಹೇಳಲೇಬೇಕು. ಅವತ್ತು ಮನೆಯಲ್ಲಿ ಸಿಗ್ನಲ್ ಇರಲಿಲ್ಲ. ಕೊಡೆ ಹಿಡಿದು ದಿಬ್ಬ ಹತ್ತಿದೆ. ಕನ್ನಡಕ್ಕೆ 4 ಒತ್ತಿ ಅಂದರು, ಒತ್ತಿದೆ. ಬಂದವರು ಹಿಂದಿಯಲ್ಲಿ ಮಾತಾಡಿದರು. ಕನ್ನಡದವರನ್ನು ಕೊಡಿ ಅಂದೆ. 22 ನಿಮಿಷ ನಿಮ್ಮ ಟ್ಯೂನ್ ಕೇಳುತ್ತಾ ನಿಂತೆ. ಕಾಲಿಗೆ ಉಂಬಳ, ಅಂದರೆ ಜಿಗಣೆ, ಹತ್ತಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನ್. ಕಿತ್ತು ಹಾಕುವುದಕ್ಕೂ ಆಗಲಿಲ್ಲ.

ಕೊನೆಗೆ ಒಬ್ಬ ಹುಡುಗ ಬಂದ. ಖಾತೆ ನನ್ನದೇ ಅಂತ ಖಚಿತ ಮಾಡಿಕೊಳ್ಳಬೇಕು, ಜಾಸ್ತಿ ಕೇಳುವ ಗಾಯಕರ ಹೆಸರು ಹೇಳಿ ಅಂದ.

"ಶಿವಮೊಗ್ಗ ಸುಬ್ಬಣ್ಣ" ಅಂದೆ.

"ಸರ್, ಊರು ಆಮೇಲೆ ಕೇಳ್ತೀನಿ. ಗಾಯಕರ ಹೆಸರು ಹೇಳಿ."

"ಅದೇ ಗಾಯಕರ ಹೆಸರು. ಶಿವಮೊಗ್ಗ ಸುಬ್ಬಣ್ಣ."

"ಸುಬ್ಬಣ್ಣ ನಿಮ್ಮ ಹೆಸರಾ ಸರ್?"

ಹಿಂದೆ ಯಾರೋ ನಕ್ಕಿದ್ದು ಕೇಳಿಸಿತು. ಅವನೂ ನಕ್ಕ. ನಾನು ಮತ್ತೆ ಬಿಡಿಸಿ ಹೇಳಿದೆ. ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದವರು, ನಮ್ಮ ತಾಲ್ಲೂಕಿನ ನಗರ ಅನ್ನುವ ಊರಿನಲ್ಲಿ ಹುಟ್ಟಿದವರು, 2022ರಲ್ಲಿ ತೀರಿಕೊಂಡರು ಅಂತ. ಮಳೆಯಲ್ಲಿ ನಿಂತು ಕೂಗಿ ಕೂಗಿ ಹೇಳಿದೆ. ಅವನು ಹೇಳಿದ್ದು ಇಷ್ಟು: "ಸರ್, ತುಂಬಾ ಸದ್ದು ಬರ್ತಿದೆ, ಮನೆಯೊಳಗೆ ಹೋಗಿ ಮಾತಾಡಿ. 129 ರೂಪಾಯಿಗೆ ಯಾಕೆ ಇಷ್ಟೊಂದು ತೊಂದರೆ ತಗೋತೀರಿ?"

ಫೋನ್ ಇಟ್ಟ. ದಿಬ್ಬ ಇಳಿಯುವ ಮೊದಲೇ ಮೆಸೇಜ್ ಬಂತು: "ನಿಮ್ಮ ಸಮಸ್ಯೆ ಪರಿಹಾರವಾಗಿದೆ."

ಯಾವ ಸಮಸ್ಯೆ ಸ್ವಾಮಿ? ಸುಬ್ಬಣ್ಣನವರ ಹಾಡು ಮಾರಿ ನನ್ನಿಂದ ದುಡ್ಡು ತಗೊಂಡವರು ನೀವು. ಅವರ ಹೆಸರು ಹೇಳಿದ್ದಕ್ಕೆ ನಗುವ ಹಕ್ಕು ನಿಮಗೆ ಯಾರು ಕೊಟ್ಟರು? ಆ ಹುಡುಗನನ್ನು ಕೆಲಸದಿಂದ ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ. ಅವನಿಗೆ ಕಲಿಸಬೇಕಾದವರು ನೀವು. ಕಲಿಸಿಲ್ಲ.

ಮಾರನೆ ದಿನ ಪಕ್ಕದ ಮನೆ ಹುಡುಗಿ ಯುಪಿಐ ಆ್ಯಪ್‌ನಲ್ಲೇ ಆಟೋಪೇ ನಿಲ್ಲಿಸುವುದನ್ನು ತೋರಿಸಿಕೊಟ್ಟಳು. ಎರಡು ನಿಮಿಷದ ಕೆಲಸ. ಎರಡು ತಿಂಗಳಲ್ಲಿ ನಿಮ್ಮವರು ಒಬ್ಬರೂ ಇದನ್ನು ಹೇಳಲಿಲ್ಲ, ಬ್ಯಾಂಕಿಗೆ ಹೋಗಿ ಅಂತಲೇ ಅಂದರು. ಆಟೋಪೇ ನಿಲ್ಲಿಸಿದ ಕೂಡಲೇ ನನ್ನ ಖಾತೆಗೆ ಬೀಗ ಹಾಕಿದಿರಿ. ಡೌನ್‌ಲೋಡ್ ಹೋಗಲಿ, ಪ್ಲಾನ್ ಮುಗಿದರೆ ಅದು ಹೋಗುತ್ತದೆ ಅಂತ ಗೊತ್ತು. ಆದರೆ ಪಟ್ಟಿ ಖಾತೆಯಲ್ಲೇ ಉಳಿಯುತ್ತದೆ ಅಂತ ಬರೆದುಕೊಂಡವರು ನೀವೇ. ಹೊಸ ಆ್ಯಪಿಗೆ ಹಳೆಯ ಪಟ್ಟಿ ಸಾಗಿಸುವ ಸೌಕರ್ಯಗಳಿವೆ. ಅವು ಒಯ್ಯುವುದು ಹಾಡಿನ ಹೆಸರುಗಳನ್ನು ಮಾತ್ರ. ನನ್ನ ಖಾತೆಯೇ ತೆರೆಯದಿದ್ದರೆ ಹೆಸರು ಎಲ್ಲಿಂದ ಬರಬೇಕು? ಅಮ್ಮ ದಿನಾ ಸಂಜೆ ಕೇಳುತ್ತಾರೆ, "ಹಾಡು ಸರಿ ಆಯ್ತೇನೋ?" ಇನ್ನೊಂದು ಸಲ 214 ಹಾಡು ನೆನಪು ಮಾಡಿಕೊಂಡು ಹೇಳುವಷ್ಟು ಶಕ್ತಿ ಅವರಿಗೆ ಈಗ ಇಲ್ಲ.

ನಾನು ಕೇಳುತ್ತಿರುವುದು 387 ರೂಪಾಯಿ ಮತ್ತು ಆ ಪಟ್ಟಿ. ಬರೀ ಹಾಡಿನ ಹೆಸರು, ಗಾಯಕರ ಹೆಸರು ಟೈಪ್ ಮಾಡಿ ಕಳಿಸಿದರೂ ಸಾಕು.

ನಿಮಗೆ ಮೊದಲ ಮೇಲ್ ಕಳಿಸಿದ್ದು ಜುಲೈ 28ಕ್ಕೆ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇದು ನಿಮಗೆ ಗೊತ್ತಿರುವ ವಿಷಯವೇ. ಎರಡೂ ಗಡುವು ಮುಗಿದಿವೆ. ರದ್ದು ಮಾಡಲು ಬಿಡದೆ ಗ್ರಾಹಕರನ್ನು ಸಿಕ್ಕಿಸಿ ಹಾಕುವುದು ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಮೋಸದ ವಿನ್ಯಾಸಗಳಲ್ಲಿ ಒಂದು. ಅದನ್ನೂ ಓದಿರುತ್ತೀರಿ.

ಸೆಪ್ಟೆಂಬರ್ 15ರವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನನಗೆ ಬೆಳಗಿನ ಮೊದಲ ಬಸ್ಸು ಹತ್ತಿದರೆ ಆಯಿತು, ನಿಮ್ಮ ವಕೀಲರು ಇಲ್ಲಿಯವರೆಗೂ ಬರಬೇಕು. ಜುಲೈ 26ರ ಕರೆಯ ರೆಕಾರ್ಡಿಂಗ್ ಅಳಿಸಬೇಡಿ. ಆಯೋಗದ ಮುಂದೆ ಅದನ್ನು ಪೂರ್ತಿ ಕೇಳಿಸಬೇಕು ಅಂತ ಕೇಳಿಕೊಳ್ಳುತ್ತೇನೆ, ಆ ನಗುವನ್ನೂ ಸೇರಿಸಿ.

ಇಂತಿ,
ನಿಮ್ಮ ಹಳೆಯ ಚಂದಾದಾರ