ಧಣಿಗಳ ದುಡ್ಡು ಕಚೇರಿಗೆ ಬೇಡ

ಹೊಸಪೇಟೆ

ಚಿ. ಸೌ. ಶೈಲಾಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂತು. ನಮ್ಮ ಕಡೆಯ ಗಣಿ ತಾಲ್ಲೂಕಿಗೇ ತಹಶೀಲ್ದಾರ್ ಆಗಿ ಬಂದಿದ್ದೀಯ ಅಂತ ಓದಿ ಎಲ್ಲರೂ ಹಿಗ್ಗಿದೆವು. ಗಣಿ ಧಣಿಯೊಬ್ಬರು ಶಾಲೆಗೆ ಎರಡು ಕೊಠಡಿ ಕಟ್ಟಿಸ್ತೀನಿ, ನಿಮ್ಮ ಕಚೇರಿಗೂ ಜನರೇಟರ್ ಕೊಡಿಸ್ತೀನಿ ಅಂದಿದ್ದಾರೆ, ಒಳ್ಳೆ ಕೆಲಸಕ್ಕೆ ಬರುವ ದುಡ್ಡನ್ನು ಹೇಗೆ ಬೇಡ ಅನ್ನಲಿ ಅಂತ ಕೇಳಿದ್ದೀಯ.

ಬೇಡ ಅನ್ನು ಮಗಳೇ. ಯಾಕೆ ಅಂತ ಹೇಳುತ್ತೇನೆ. ಇದೆಲ್ಲ ನಡೆದಾಗ ನೀನು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದೆ.

2008ರ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾಕ್ಕೆ ಉಕ್ಕು ಎಷ್ಟಿದ್ದರೂ ಸಾಲದಾಗಿತ್ತು. ಅದಿರಿನ ಬೆಲೆ ಟನ್ನಿಗೆ ಸಾವಿರಾರು ರೂಪಾಯಿಗೆ ಏರಿತು. ಸರ್ಕಾರಕ್ಕೆ ಸಿಗುತ್ತಿದ್ದ ರಾಯಧನ ಮಾತ್ರ ಟನ್ನಿಗೆ ಹೆಚ್ಚೆಂದರೆ ₹27. ಮಿಕ್ಕ ದುಡ್ಡು ಕೆಲವೇ ಮನೆಗಳಿಗೆ ಹೋಯಿತು. ಅಲ್ಲಿಂದ ವಿಧಾನಸೌಧಕ್ಕೆ ಹೋಗಲು ಜಾಸ್ತಿ ದಿನ ಬೇಕಾಗಲಿಲ್ಲ.

2008ರ ಚುನಾವಣೆಯಲ್ಲಿ ಬಿಜೆಪಿಗೆ 110 ಸೀಟು ಬಂದವು. ಬಹುಮತಕ್ಕೆ ಮೂರು ಕಡಿಮೆ. ಪಕ್ಷೇತರರನ್ನು ಸೇರಿಸಿಕೊಂಡು ಸರ್ಕಾರ ಬಂದಾಗ ಬಳ್ಳಾರಿಯ ಮೂವರು ಮಂತ್ರಿಗಳಾದರು: ಜನಾರ್ದನ ರೆಡ್ಡಿ, ಅವರ ಅಣ್ಣ ಕರುಣಾಕರ ರೆಡ್ಡಿ, ಮತ್ತು ಅವರ ಆಪ್ತ ಶ್ರೀರಾಮುಲು. ಕಂದಾಯ ಖಾತೆ, ಅಂದರೆ ಇವತ್ತು ನೀನಿರುವ ಇಲಾಖೆ, ಕರುಣಾಕರ ರೆಡ್ಡಿಯವರ ಕೈಯಲ್ಲಿತ್ತು. ಗಣಿ ನಡೆಸುವ ಮನೆಯವರೇ ಜಮೀನಿನ ದಾಖಲೆ ಇಡುವ ಇಲಾಖೆಗೆ ಯಜಮಾನರು. ಇದನ್ನು ಸ್ವಲ್ಪ ಹೊತ್ತು ಕೂತು ಯೋಚಿಸು.

ಮರುವರ್ಷ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕದಲ್ಲಿ ದೊಡ್ಡ ನೆರೆ ಬಂತು. ಮನೆ ಕಳೆದುಕೊಂಡವರಿಗಾಗಿ ಅದಿರು ಲಾರಿಗೆ ಸಾವಿರ ರೂಪಾಯಿ ಹಾಕೋಣ ಅಂತ ಮುಖ್ಯಮಂತ್ರಿ ಯಡಿಯೂರಪ್ಪ ಹೊರಟರು. ಬಳ್ಳಾರಿಯ ಅಧಿಕಾರಿಗಳನ್ನೂ ವರ್ಗ ಮಾಡಿದರು. ಧಣಿಗಳು ತಿರುಗಿಬಿದ್ದರು. ಶಾಸಕರ ಗುಂಪು ಹೈದರಾಬಾದಿನ ರೆಸಾರ್ಟ್ ಸೇರಿತು. ಕೊನೆಗೆ ಬಗ್ಗಿದ್ದು ಮುಖ್ಯಮಂತ್ರಿಯೇ. ಟಿವಿ ಮುಂದೆ ಅವರು ಕಣ್ಣೀರಿಟ್ಟಿದ್ದನ್ನು ನಾವೆಲ್ಲ ನೋಡಿದೆವು. ರಾಜ್ಯವೇ ಆರಿಸಿದ ಮುಖ್ಯಮಂತ್ರಿಗೆ ಒಂದು ಜಿಲ್ಲೆಯ ಅಧಿಕಾರಿಗಳನ್ನು ವರ್ಗ ಮಾಡುವ ಶಕ್ತಿ ಉಳಿದಿರಲಿಲ್ಲ. ಆ ದಿನ ನನಗಾದ ಸಂಕಟ ಇವತ್ತಿಗೂ ಹೋಗಿಲ್ಲ.

ಇಷ್ಟೆಲ್ಲ ಆದರೂ ಜನ ಯಾಕೆ ಸುಮ್ಮನಿದ್ದರು ಅಂತ ನೀನು ಕೇಳಬಹುದು. ಧಣಿಗಳು ಸಾಮೂಹಿಕ ಮದುವೆ ಮಾಡಿಸುತ್ತಿದ್ದರು, ತಾಳಿ, ಸೀರೆ ಕೊಡುತ್ತಿದ್ದರು. ಆಸ್ಪತ್ರೆ ಖರ್ಚಿಗೂ ಜನ ಅವರ ಮನೆ ಬಾಗಿಲಿಗೇ ಹೋಗುತ್ತಿದ್ದರು. ಬಡವರನ್ನು ನಾನು ದೂರುವುದಿಲ್ಲ. ಕಚೇರಿಗೆ ಹತ್ತು ಸಲ ಅಲೆದರೂ ಆಗದ ಕೆಲಸ ಅಲ್ಲಿ ಒಂದೇ ಮಾತಿಗೆ ಆಗುತ್ತಿತ್ತು. ಹಾಗೆ ಪಡೆದವರು ಮುಂದೆ ಲೆಕ್ಕ ಕೇಳುವುದು ಹೇಗೆ? ಹೊಲದ ಬೆಳೆ ಮೇಲೆ ಕೆಂಪು ಧೂಳು ಕೂತರೂ ಬಾಯಿ ಬರುವುದಿಲ್ಲ. ನಿನ್ನ ಶಾಲೆಯ ಕೊಠಡಿಗೂ ನಾನು ಹೆದರುವುದು ಇದಕ್ಕೇ. ಗೋಡೆ ಮೇಲೆ ಅವರ ಹೆಸರಿದ್ದರೆ, ನಾಳೆ ಅವರ ಗಣಿಯ ಗಡಿ ಅಳೆಯಲು ನೀನು ಹೋದಾಗ ಊರೇ ನಿನ್ನ ಎದುರು ನಿಲ್ಲುತ್ತದೆ.

ಇಷ್ಟು ದೊಡ್ಡ ಬಲ ಕುಸಿದದ್ದು ಕಾಗದದಿಂದ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ತಂಡದಲ್ಲಿ ಯು.ವಿ. ಸಿಂಗ್ ಎಂಬ ಅರಣ್ಯಾಧಿಕಾರಿ ಇದ್ದರು. ಪರ್ಮಿಟ್ಟು, ಬಂದರಿನ ಲೆಕ್ಕ, ಬ್ಯಾಂಕಿನ ಲೆಕ್ಕ ಎಲ್ಲವನ್ನೂ ಆ ತಂಡ ತಾಳೆ ನೋಡಿತು. ದುಡ್ಡು ಕೊಟ್ಟವರ ಲಾರಿಯನ್ನು ಯಾರೂ ತಡೆಯದ ವ್ಯವಸ್ಥೆಗೆ ‘ಜೀರೋ ರಿಸ್ಕ್’ ಅಂತ ಹೆಸರೇ ಇತ್ತಂತೆ, ವರದಿಯಲ್ಲಿದೆ. 2006ರಿಂದ 2010ರವರೆಗೆ ಬೊಕ್ಕಸಕ್ಕಾದ ನಷ್ಟ ₹16,085 ಕೋಟಿ ಅಂತ ಲೆಕ್ಕ ಕೊಟ್ಟರು. ವರದಿ ಬಂದದ್ದು 2011ರ ಜುಲೈ 27ಕ್ಕೆ. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಸಾಲ ಮಾಡಿ ಲಾರಿ ಕೊಂಡಿದ್ದ ಎಷ್ಟೋ ಸಣ್ಣವರು ಆಗ ಬೀದಿಗೆ ಬಿದ್ದರು. ಅವರನ್ನೂ ಮರೆಯಬೇಡ.

ಲಂಚ ತಿಂದವರ ಪಟ್ಟಿಯಲ್ಲಿ ನೂರಾರು ಸರ್ಕಾರಿ ನೌಕರರ ಹೆಸರಿತ್ತು. ಅವರೆಲ್ಲ ಮೊದಲ ದಿನವೇ ಕೆಟ್ಟವರಾಗಿರಲಿಲ್ಲ ಅಂತ ನಾನು ನಂಬುತ್ತೇನೆ. ಎಷ್ಟೋ ಜನರಿಗೆ ಅದು ಹಬ್ಬದ ಸ್ವೀಟ್ ಬಾಕ್ಸಿನಿಂದ ಶುರುವಾಗಿರಬೇಕು.

ಶಾಲೆಗೆ ಕೊಠಡಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ದಾರಿಯೂ ಇದೆ. 2015ರ ಕಾನೂನಿನಂತೆ ಗಣಿಯವರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ದುಡ್ಡು ಕಟ್ಟಲೇಬೇಕು. ಹಳೇ ಗುತ್ತಿಗೆಯಾದರೆ ರಾಯಧನದ ಶೇ. 30, ಹರಾಜಿನಲ್ಲಿ ಪಡೆದದ್ದಾದರೆ ಶೇ. 10. ಗಣಿಯಿಂದ ತೊಂದರೆಗೊಳಗಾದ ಊರುಗಳಿಗೆಂದೇ ಇರುವ ದುಡ್ಡು ಅದು. ಅದಕ್ಕೆ ಯಾರಿಗೂ ಕೈಮುಗಿಯಬೇಕಿಲ್ಲ. ಗ್ರಾಮಸಭೆ ಕರೆಸಿ ಕೊಠಡಿಗೆ ನಿರ್ಣಯ ಮಾಡಿಸು, ಎಸ್ಟಿಮೇಟ್ ಹಾಕಿಸಿ ಜಿಲ್ಲಾಧಿಕಾರಿಗೆ ಕಳಿಸು. ಜನರೇಟರಿಗೆ ಬೇರೆ ಪತ್ರ ಬರೆ. ಧಣಿಯವರಿಗೆ ಮರ್ಯಾದೆಯಿಂದಲೇ ಉತ್ತರ ಕೊಡು. ಆದರೆ ಫೋನಿನಲ್ಲಿ ಬೇಡ, ಬರವಣಿಗೆಯಲ್ಲಿ ಕೊಡು. ಒಂದು ಪ್ರತಿ ಫೈಲಿನಲ್ಲಿರಲಿ.

ನಿನ್ನ
ದೊಡ್ಡಪ್ಪ